ತಿಳಿಯುವ ಧೈರ್ಯ

‘ಅರವತ್ತಕ್ಕೆ ಅರಳು ಮರಳು’ ಎಂಬುದು ಕನ್ನಡ ನಾಡಿನ ಮನೆಮನೆಯಲ್ಲಿ ಕೇಳಿಬರುವ ಮಾತು. ಹಿರಿಯರು ಕನ್ನಡಕವನ್ನು ಹಣೆಯ ಮೇಲೆಯೇ ಏರಿಸಿಕೊಂಡು ಮನೆಯೆಲ್ಲ ಹುಡುಕಿದರೆ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೆ, ಕಿರಿಯರು ಈ ಮಾತನ್ನಾಡಿ ನಕ್ಕು ಸುಮ್ಮನಾಗುತ್ತಾರೆ. ಆ ನಗೆಯಲ್ಲಿ ಕೇಡೇನೂ ಇಲ್ಲ. ಆದರೆ ಮರೆವೆಲ್ಲವೂ ಮುಪ್ಪಿನ ಸಹಜ ಗುಣವೆಂಬ ತಪ್ಪು ಭಾವನೆಯೊಂದು ಅದರ ಹಿಂದೆ ಅಡಗಿದೆ. ಮುಪ್ಪು ಬೇರೆ, ರೋಗ ಬೇರೆ. ಮಿದುಳಿನ ಜೀವಕೋಶಗಳು ಕ್ರಮೇಣ ನಾಶವಾಗಿ, ನೆನಪು, ಮಾತು, ವಿವೇಚನೆ, ಕೊನೆಗೆ ತನ್ನವರ ಗುರುತು ಕೂಡ ಅಳಿಸಿಹೋಗುವ ಸ್ಥಿತಿಯನ್ನು ವೈದ್ಯರು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದು ಒಂದೇ ರೋಗದ ಹೆಸರಲ್ಲ. ಅನೇಕ ರೋಗಗಳು ಬೇರೆ ಬೇರೆ ದಾರಿಯಿಂದ ಬಂದು ಸೇರುವ ಒಂದು ಕಡಲು. ಅವುಗಳಲ್ಲಿ ಹೆಚ್ಚಾಗಿ ಕಾಣಿಸುವುದು ಆಲ್ಜೈಮರ್ ರೋಗ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಯಾವ ರೋಗಿಯಲ್ಲಿ ಇದನ್ನು ಮೊದಲು ಕಂಡರೋ ಆಕೆಗೆ ಆಗ ಐವತ್ತೊಂದೇ ವರ್ಷ. ಅರವತ್ತರ ಗಾದೆ ಅಲ್ಲಿಯೇ ಸುಳ್ಳಾಗಿತ್ತು.

ಈ ಕಡಲನ್ನು ಸೇರುವ ಹೊಳೆಗಳಲ್ಲಿ ಬಹಳ ಕಿರಿದಾದ, ಆದರೆ ಬಹಳ ರಭಸದ ಹೊಳೆಯೊಂದಿದೆ. ಅದು ಪ್ರಿಯಾನ್ ರೋಗ. ವರ್ಷವೊಂದರಲ್ಲಿ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಬರುವ ವ್ಯಾಧಿ ಇದು. ಆಲ್ಜೈಮರ್ ರೋಗ ಹಲವು ವರ್ಷಗಳಲ್ಲಿ ಮಾಡುವ ಹಾನಿಯನ್ನು ಇದು ಅನೇಕ ವೇಳೆ ಕೆಲವೇ ತಿಂಗಳುಗಳಲ್ಲಿ ಮಾಡಿ ಮುಗಿಸುತ್ತದೆ. ಇದನ್ನು ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಆ ಮದ್ದನ್ನು ಹುಡುಕುವುದಕ್ಕಾಗಿ ಕೈಗೆ ಬಂದಿದ್ದ ವೃತ್ತಿಯನ್ನು ಬಿಟ್ಟು, ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನಂತೆ ಜೀವವಿಜ್ಞಾನವನ್ನು ಮೊದಲಿನಿಂದ ಕಲಿತು, ಸಂಶೋಧನೆಗೆ ತೊಡಗಿದವರು ಅಮೆರಿಕದ ಸೋನಿಯಾ ವಲ್ಲಭ್.

ಹೆಸರೇ ಸೂಚಿಸುವಂತೆ ಅವರದು ಭಾರತೀಯ ಮೂಲದ ಕುಟುಂಬ. ಬೆಳೆದದ್ದು ಪೆನ್ಸಿಲ್ವೇನಿಯ ರಾಜ್ಯದಲ್ಲಿ. ವಿಜ್ಞಾನಿಯಾಗಬೇಕೆಂಬ ಬಯಕೆಯೇನೂ ಅವರಿಗೆ ಇರಲಿಲ್ಲ. ಓದಿದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ. ಪತಿ ಎರಿಕ್ ಮಿನಿಕೆಲ್ ನಗರಯೋಜನೆಯನ್ನು ಅಭ್ಯಾಸ ಮಾಡಿ, ವಾಹನಸಂಚಾರಕ್ಕೆ ಸಂಬಂಧಿಸಿದ ಅಂಕಿಸಂಖ್ಯೆಗಳ ಲೆಕ್ಕಾಚಾರದಲ್ಲಿ ಪರಿಣತಿ ಪಡೆದಿದ್ದವರು. 2009ರ ಆಗಸ್ಟ್ ತಿಂಗಳಿನಲ್ಲಿ ಇವರ ವಿವಾಹ ನಡೆಯಿತು. ಮದುವೆಯ ಏರ್ಪಾಡುಗಳ ಹಿಂದೆ ಓಡಾಡಿದವರು ಸೋನಿಯಾ ಅವರ ತಾಯಿ. ಐವತ್ತನ್ನು ಆಗತಾನೇ ದಾಟಿದ್ದ, ಆರೋಗ್ಯವಂತೆಯಾದ, ಲವಲವಿಕೆಯ ಗೃಹಿಣಿ ಆಕೆ.

ಮರುವರ್ಷದ ಆರಂಭದಲ್ಲಿ ಆ ತಾಯಿಗೆ ಕಣ್ಣಿನ ದೃಷ್ಟಿ ಏಕೋ ಸರಿಯಿಲ್ಲವೆನ್ನಿಸಿತು. ಮೈತೂಕ ಇಳಿಯತೊಡಗಿತು. ಅನಂತರ ಮಾತಿನಲ್ಲಿ ತಡವರಿಕೆ, ನಡಿಗೆಯಲ್ಲಿ ಅಸ್ಥಿರತೆ, ಮನಸ್ಸಿನಲ್ಲಿ ಗೊಂದಲ. ಒಂದು ವಾರ ಕಂಡ ಸ್ಥಿತಿ ಮರುವಾರಕ್ಕೆ ಇರುತ್ತಿರಲಿಲ್ಲ. ಪ್ರತಿ ಸಲವೂ ಇಳಿಮುಖವೇ. ವೈದ್ಯರು ಒಂದಾದ ಮೇಲೊಂದು ಪರೀಕ್ಷೆ ಮಾಡಿದರು. ಯಾವುದರಲ್ಲಿಯೂ ಸ್ಪಷ್ಟವಾದ ಉತ್ತರ ದೊರೆಯಲಿಲ್ಲ. ಮಗಳು ದೂರದ ಊರಿನಿಂದ ಬಂದು ಬಂದು ನೋಡುವಳು. ಪ್ರತಿ ಭೇಟಿಯಲ್ಲಿಯೂ ಹಿಂದಿನ ಸಲ ಬಿಟ್ಟುಹೋದ ತಾಯಿ ಅಲ್ಲಿರುತ್ತಿರಲಿಲ್ಲ. ಹೀಗೆ ವರ್ಷ ತುಂಬುವ ಮೊದಲೇ, 2010ರ ಡಿಸೆಂಬರಿನಲ್ಲಿ, ಆ ತಾಯಿ ತೀರಿಕೊಂಡರು. ರೋಗಕ್ಕೆ ಹೆಸರು ಸಿಕ್ಕಿದ್ದು ಶವಪರೀಕ್ಷೆಯ ಅನಂತರ. ಅದು ಪ್ರಿಯಾನ್ ರೋಗ. ಅದರಲ್ಲಿಯೂ ವಂಶಪಾರಂಪರ್ಯವಾಗಿ ಬರುವ ಬಗೆಯದು.

ಈ ಕೊನೆಯ ಸಂಗತಿ ಮಗಳಿಗೆ ತಿಳಿದದ್ದು ಇನ್ನೂ ಕೆಲವು ತಿಂಗಳುಗಳು ಕಳೆದ ಮೇಲೆ, 2011ರ ಶರತ್ಕಾಲದಲ್ಲಿ. ಶೋಕ ಇನ್ನೂ ಆರಿರಲಿಲ್ಲ. ತಂದೆಯೇ ಆ ಸುದ್ದಿಯನ್ನು ಹೇಳಬೇಕಾಯಿತು. ತಾಯಿಯ ವಂಶವಾಹಿಯೊಂದರಲ್ಲಿ ದೋಷವಿತ್ತು. ಅದು ಮಗಳಿಗೆ ಬಂದಿರುವ ಸಂಭವ ಅರ್ಧಕ್ಕರ್ಧ. ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಯಾವ ಮುಖ ಬೀಳುವುದೆಂಬ ಪ್ರಶ್ನೆಯಂಥದೇ ಇದು. ಆದರೆ ಈ ನಾಣ್ಯ ಸೋನಿಯಾ ಹುಟ್ಟುವುದಕ್ಕೆ ಮೊದಲೇ ಬಿದ್ದಾಗಿತ್ತು. ಅದರ ಮೇಲಿನ ಮುಚ್ಚಳವನ್ನು ತೆಗೆದು ನೋಡಬೇಕೆ, ಬೇಡವೆ ಎಂಬುದೊಂದೇ ಈಗ ಉಳಿದಿದ್ದ ಪ್ರಶ್ನೆ.

ನೋಡದಿರುವುದಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ದೋಷವಿದೆಯೆಂದು ತಿಳಿದರೂ ಮಾಡಲು ಯಾವ ಚಿಕಿತ್ಸೆಯೂ ಇಲ್ಲ. ರೋಗ ಬರುವ ವಯಸ್ಸನ್ನು ಮೊದಲೇ ಹೇಳುವಂತಿಲ್ಲ; ಒಂದೇ ಮನೆತನದಲ್ಲಿ ಒಬ್ಬರಿಗೆ ಇಪ್ಪತ್ತರ ಹರೆಯದಲ್ಲಿ ಬಂದರೆ ಮತ್ತೊಬ್ಬರಿಗೆ ಎಪ್ಪತ್ತರಲ್ಲಿ ಬಂದೀತು. ಇಂಥ ಸ್ಥಿತಿಯಲ್ಲಿರುವ ಬಹುಮಂದಿ ಪರೀಕ್ಷೆಯೇ ಬೇಡವೆನ್ನುತ್ತಾರೆ. ಅವರನ್ನು ಹೇಡಿಗಳೆನ್ನುವುದು ಅನ್ಯಾಯ. ಗೊತ್ತಿಲ್ಲದಿರುವಲ್ಲಿ ಅರ್ಧದಷ್ಟು ಆಸೆಯಾದರೂ ಉಳಿದಿರುತ್ತದೆ. ಆ ಆಸೆಯನ್ನು ಕಾಪಾಡಿಕೊಂಡು ಬಾಳುವುದು ಅವರ ಹಕ್ಕು. ಸೋನಿಯಾ ಅವರ ಸ್ವಭಾವ ಬೇರೆಯ ಬಗೆಯದು. ತಿಳಿಯದೆ ನಡುವೆ ತೂಗಾಡುವ ಸ್ಥಿತಿಯೇ ಅವರಿಗೆ ಎಲ್ಲಕ್ಕಿಂತ ಕಷ್ಟವೆನ್ನಿಸಿತು. ಕೆಟ್ಟ ಸುದ್ದಿಯಾದರೂ ಅದು ನಿಜವಾದರೆ ಅದರೊಡನೆ ಬಾಳುವುದನ್ನು ಕಲಿಯಬಹುದು, ಊಹೆಯೊಡನೆ ಬಾಳುವುದು ಸಾಧ್ಯವಿಲ್ಲ ಎಂಬುದು ಅವರ ನಿಲವು. ಗಂಡ ಹೆಂಡಿರಿಬ್ಬರೂ ಕೂಡಿ ಯೋಚಿಸಿ ರಕ್ತವನ್ನು ಪರೀಕ್ಷೆಗೆ ಕೊಟ್ಟರು. ಆ ವರ್ಷದ ಡಿಸೆಂಬರಿನಲ್ಲಿ, ತಾಯಿ ತೀರಿಕೊಂಡು ಸುಮಾರು ಒಂದು ವರ್ಷವಾಗುತ್ತಿದ್ದಾಗ, ಫಲಿತಾಂಶ ಬಂದಿತು. ತಾಯಿಯಲ್ಲಿ ಕಂಡ ದೋಷವೇ ಮಗಳಲ್ಲಿಯೂ ಇತ್ತು. ಆಗ ಅವರ ವಯಸ್ಸು ಇಪ್ಪತ್ತೇಳು.

ಈ ದೋಷದ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಸೋನಿಯಾ ಅವರೂ ಮೊದಲು ಮಾಡಿದ್ದು ಅದನ್ನೇ. ನಮ್ಮ ದೇಹದ ಪ್ರತಿ ಜೀವಕೋಶದಲ್ಲಿಯೂ ವರ್ಣತಂತುಗಳಿವೆ. ಅವುಗಳಲ್ಲಿ ಇಪ್ಪತ್ತನೆಯದರ ಮೇಲೆ ಒಂದು ವಂಶವಾಹಿ ಇದೆ. ಪ್ರಿಯಾನ್ ಪ್ರೋಟೀನು ಎಂಬ ವಸ್ತುವನ್ನು ತಯಾರಿಸುವ ಸೂಚನೆ ಅದರಲ್ಲಿ ಅಡಕವಾಗಿದೆ. ಈ ಪ್ರೋಟೀನು ಎಲ್ಲರ ಮಿದುಳಿನಲ್ಲಿಯೂ ಇರುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಮಣಿಗಳನ್ನು ಪೋಣಿಸಿದ ಸರದಂತಿರುವ ಇದರ 178ನೆಯ ಸ್ಥಾನದಲ್ಲಿ ಇರಬೇಕಾದ ಮಣಿಯ ಬದಲು ಬೇರೊಂದು ಮಣಿ ಬಂದು ಕುಳಿತಿರುವುದೇ ಸೋನಿಯಾ ಅವರು ತಾಯಿಯಿಂದ ಪಡೆದ ದೋಷ. ಇಂಥ ಬದಲಾವಣೆಯಿಂದಾಗಿ, ಎಂದಾದರೊಂದು ದಿನ, ಪ್ರೋಟೀನಿನ ಒಂದು ಕಣ ತನ್ನ ಸಹಜವಾದ ಮಡಿಕೆಯನ್ನು ಬಿಟ್ಟು ವಿಕಾರವಾಗಿ ಮಡಿಚಿಕೊಳ್ಳುವ ಸಂಭವ ಹೆಚ್ಚುತ್ತದೆ. ಹಾಗೆ ವಿಕಾರಗೊಂಡ ಒಂದು ಕಣ ತನ್ನ ಬಳಿಯಿರುವ ಸಹಜ ಕಣವನ್ನು ಮುಟ್ಟಿ ಅದನ್ನೂ ತನ್ನಂತೆ ಮಾಡುತ್ತದೆ, ಅವೆರಡೂ ಮತ್ತೆರಡನ್ನು.

ಹಾಲಿಗೆ ಹೆಪ್ಪು ಹಾಕುವುದನ್ನು ನೋಡದವರಾರು? ಒಂದು ಚಮಚ ಮಜ್ಜಿಗೆ ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುತ್ತದೆ. ಮಿದುಳಿನಲ್ಲಿ ನಡೆಯುವುದೂ ಅಂಥದೇ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಮೊಸರಿನಲ್ಲಿ ಕೆಲಸ ಮಾಡುವುದು ಜೀವವುಳ್ಳ ಬ್ಯಾಕ್ಟೀರಿಯ. ಪ್ರಿಯಾನಿನಲ್ಲಿ ಜೀವವೇ ಇಲ್ಲ. ಬ್ಯಾಕ್ಟೀರಿಯವೂ ಅಲ್ಲದ, ವೈರಸ್ಸೂ ಅಲ್ಲದ ಬರಿಯ ಪ್ರೋಟೀನು ತನ್ನಂಥದನ್ನು ಹೆಚ್ಚಿಸಿಕೊಳ್ಳುತ್ತ ಹೋಗುವುದೆಂದರೆ ನಂಬುವುದು ಸುಲಭವಲ್ಲ. ವಿಜ್ಞಾನಿಗಳೂ ಬಹುಕಾಲ ನಂಬಲಿಲ್ಲ. ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ ತರಬೇತಿಯ ಹಂತದಲ್ಲಿದ್ದ ವೈದ್ಯರಾಗಿದ್ದಾಗ, 1972ರಲ್ಲಿ, ಇಂಥದೇ ರೋಗದಿಂದ ಸಾಯುತ್ತಿದ್ದ ಮಹಿಳೆಯೊಬ್ಬರನ್ನು ಕಂಡು ಅದರ ಬೆನ್ನು ಹತ್ತಿದರು. ಹತ್ತು ವರ್ಷಗಳ ಬಳಿಕ, 1982ರಲ್ಲಿ, ಈ ವಿಚಿತ್ರ ವಸ್ತುವಿಗೆ ಪ್ರಿಯಾನ್ ಎಂದು ಹೆಸರಿಟ್ಟರು. ಟೀಕೆ, ಕುಹಕಗಳನ್ನೆಲ್ಲ ಸಹಿಸಿ ದುಡಿದ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರೋಗದ ಕಾರಣ ಹೀಗೆ ಗೊತ್ತಾಗಿತ್ತು. ಮದ್ದು ಮಾತ್ರ ಗೊತ್ತಾಗಿರಲಿಲ್ಲ.

ಫಲಿತಾಂಶ ಕೈಗೆ ಬಂದ ಮೇಲೆ ಸೋನಿಯಾ ಮತ್ತು ಎರಿಕ್ ಕೈಗೊಂಡ ಮೊದಲ ಕೆಲಸ ಓದು. ಸಂಜೆಯ ತರಗತಿಗಳಿಗೆ ಸೇರಿ ಜೀವವಿಜ್ಞಾನದ ಪಾಠ ಕೇಳತೊಡಗಿದರು. ಜಗತ್ತನ್ನು ಬದಲಿಸುವ ಸಂಕಲ್ಪವೇನೂ ಆಗ ಇರಲಿಲ್ಲ. ತಮ್ಮ ಮನೆಗೆ ನುಗ್ಗಿದ ಶತ್ರುವಿನ ಮುಖವನ್ನು ತಾವೇ ನೋಡಬೇಕು, ಅವನ ಬಗ್ಗೆ ಬರೆದಿರುವುದನ್ನು ತಾವೇ ಓದಿ ತಿಳಿಯಬೇಕು ಎಂಬಷ್ಟೇ ಹಂಬಲ. ಓದಿದಷ್ಟೂ ಓದಬೇಕಾದದ್ದು ಹೆಚ್ಚಿತು. ಸೋನಿಯಾ ಇದ್ದ ಕೆಲಸವನ್ನು ಬಿಟ್ಟು ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದರು. ಅಲ್ಲಿ ನಡೆಯುತ್ತಿದ್ದುದು ಹಂಟಿಂಗ್ಟನ್ ರೋಗದ ಅಧ್ಯಯನ, ತಮ್ಮ ರೋಗದ್ದಲ್ಲ. ಆದರೂ ಕೆಲಸ ಕಲಿಯಬೇಕಾದವರು ಎಲ್ಲಿಯಾದರೂ ಕಲಿಯಲೇಬೇಕು. ನ್ಯಾಯಶಾಸ್ತ್ರದ ಪದವೀಧರೆ, ತನಗಿಂತ ಕಿರಿಯರ ಪಕ್ಕದಲ್ಲಿ ನಿಂತು, ಗಾಜಿನ ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕುವುದನ್ನು ಅಭ್ಯಾಸ ಮಾಡಿದರು. ಕೆಲವೇ ಕಾಲದಲ್ಲಿ ಎರಿಕ್ ಕೂಡ ತಮ್ಮ ಉದ್ಯೋಗವನ್ನು ಬಿಟ್ಟು ಅದೇ ಆಸ್ಪತ್ರೆಯ ವಂಶವಾಹಿ ಅಧ್ಯಯನ ವಿಭಾಗವನ್ನು ಸೇರಿದರು. ವಾಹನಗಳ ಲೆಕ್ಕ ಹಾಕುತ್ತಿದ್ದ ಗಣಕಯಂತ್ರದ ಜ್ಞಾನ ವಂಶವಾಹಿಗಳ ಲೆಕ್ಕಕ್ಕೂ ಒದಗಿಬಂದಿತು.

ಎರಿಕ್ ಅವರ ಈ ನಡೆಯನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ದೋಷವಿದ್ದುದು ಅವರ ದೇಹದಲ್ಲಲ್ಲ. ಗಂಡನ ಪ್ರಾಣಕ್ಕಾಗಿ ಯಮನ ಬೆನ್ನು ಹತ್ತಿದ ಸಾವಿತ್ರಿಯ ಕಥೆಯನ್ನು ಕೇಳಿ ಬೆಳೆದವರು ನಾವು. ಇಲ್ಲಿ ಹೆಂಡತಿಯ ಪ್ರಾಣಕ್ಕಾಗಿ ಗಂಡ ಹೊರಟಿದ್ದಾನೆ, ಹೆಂಡತಿಯೂ ಜೊತೆಗೇ ನಡೆದಿದ್ದಾಳೆ. ಸಾವಿತ್ರಿಗೆ ಒಂದು ಅನುಕೂಲವಿತ್ತು. ಜಾಣತನದ ಮಾತಿಗೆ ಯಮ ಒಲಿದನು. ಪ್ರೋಟೀನು ಮಾತಿಗೆ ಒಲಿಯುವುದಿಲ್ಲ.

2012ರಲ್ಲಿ ದಂಪತಿಗಳು ಪ್ರಿಯಾನ್ ಅಲಯನ್ಸ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿ ಸಂಶೋಧನೆಗೆ ಹಣ ಕೂಡಿಸತೊಡಗಿದರು. 2014ರಲ್ಲಿ ಇಬ್ಬರೂ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪದವಿಯ ವಿದ್ಯಾರ್ಥಿಗಳಾದರು. ಕೇಂಬ್ರಿಡ್ಜ್ ನಗರದ ಬ್ರಾಡ್ ಸಂಸ್ಥೆ ಅವರ ಕಾರ್ಯಕ್ಷೇತ್ರವಾಯಿತು. ಈ ಕೇಂಬ್ರಿಡ್ಜ್ ಇಂಗ್ಲೆಂಡಿನದಲ್ಲ, ಬೋಸ್ಟನ್ನಿನ ನೆರೆಯಲ್ಲಿರುವ ಅಮೆರಿಕದ ಊರು. ಅಲ್ಲಿ ರಸಾಯನ ವಿಜ್ಞಾನಿ ಸ್ಟುವರ್ಟ್ ಶ್ರೈಬರ್ ಅವರ ಮಾರ್ಗದರ್ಶನ ಸೋನಿಯಾ ಅವರಿಗೆ ದೊರೆಯಿತು.

ಹೊಸಬರಿಗೆ ಒಂದು ಅನುಕೂಲವುಂಟು. ಹಳಬರು ಕೇಳುವುದನ್ನು ಬಿಟ್ಟಿರುವ ಸರಳ ಪ್ರಶ್ನೆಗಳನ್ನು ಅವರು ಸಂಕೋಚವಿಲ್ಲದೆ ಕೇಳಬಲ್ಲರು. ಅದುವರೆಗೆ ಅನೇಕರು ವಿಕಾರಗೊಂಡ ಪ್ರೋಟೀನಿನ ಮೇಲೆ ದಾಳಿಮಾಡುವ ಮದ್ದನ್ನು ಹುಡುಕಿದ್ದರು. ಇಲಿಗಳ ಪ್ರಿಯಾನನ್ನು ತಡೆಯುವಲ್ಲಿ ಕೆಲವು ಮದ್ದುಗಳು ಗೆದ್ದಿದ್ದವು. ಮನುಷ್ಯರ ಪ್ರಿಯಾನಿನ ಮುಂದೆ ಅವೇ ಸೋತವು. ವಿಕಾರದ ಆಕಾರಗಳು ಹಲವಾದುದರಿಂದ ಒಂದಕ್ಕೆ ಹೊಂದುವ ಬೀಗದ ಕೈ ಮತ್ತೊಂದಕ್ಕೆ ಹೊಂದುವುದಿಲ್ಲ. ಹಾಗಾದರೆ ವಿಕಾರವನ್ನು ಬಿಟ್ಟು ಅದಕ್ಕೆ ಬೇಕಾದ ಕಚ್ಚಾವಸ್ತುವನ್ನೇ ಏಕೆ ಕಡಿಮೆ ಮಾಡಬಾರದು? ಹಾಲೇ ಇಲ್ಲದಿದ್ದರೆ ಹೆಪ್ಪು ಏನು ಮಾಡೀತು?

ಈ ಯೋಚನೆ ಅವರೊಬ್ಬರದೇ ಅಲ್ಲ. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಚಾರ್ಲ್ಸ್ ವೈಸ್‌ಮನ್ ಮತ್ತು ಅವರ ಸಂಗಡಿಗರು ಈ ಪ್ರೋಟೀನೇ ಇಲ್ಲದ ಇಲಿಗಳನ್ನು ಸೃಷ್ಟಿಸಿ, ಅವುಗಳಿಗೆ ಪ್ರಿಯಾನನ್ನು ಚುಚ್ಚಿದರೂ ರೋಗ ಬರುವುದಿಲ್ಲವೆಂದು 1993ರಲ್ಲಿಯೇ ತೋರಿಸಿದ್ದರು. ಹುಟ್ಟಿನಿಂದಲೇ ಈ ಪ್ರೋಟೀನು ಇಲ್ಲದ ಮೇಕೆಗಳು ನಾರ್ವೆ ದೇಶದಲ್ಲಿ ಕಂಡುಬಂದಿದ್ದವು. ಅವು ಬೇರೆ ಮೇಕೆಗಳಂತೆಯೇ ಮೇಯ್ದುಕೊಂಡು ಆರೋಗ್ಯವಾಗಿದ್ದವು. ಆದರೆ ಇಲಿಯೂ ಮೇಕೆಯೂ ಮನುಷ್ಯರಲ್ಲ. ಮನುಷ್ಯನಲ್ಲಿ ಈ ಪ್ರೋಟೀನನ್ನು ತಗ್ಗಿಸಿದರೆ ಅಪಾಯವಿಲ್ಲವೆಂದು ಹೇಳುವುದು ಹೇಗೆ? ಯಾರ ಮೇಲೂ ಪ್ರಯೋಗ ಮಾಡುವಂತಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಎರಿಕ್ ಅವರ ಲೆಕ್ಕಾಚಾರ. ಮನುಷ್ಯಕುಲ ಇಷ್ಟು ದೊಡ್ಡದಾಗಿರುವಾಗ ಪ್ರಕೃತಿಯೇ ಎಲ್ಲೋ ಆ ಪ್ರಯೋಗವನ್ನು ಮಾಡಿ ಮುಗಿಸಿರಬೇಕಲ್ಲವೆ? ಹಲವು ದೇಶಗಳಿಂದ ಕೂಡಿಸಿದ 16,025 ಪ್ರಿಯಾನ್ ರೋಗಿಗಳ ವಿವರಗಳನ್ನು ಒಂದು ಕಡೆ, 60,706 ಸಾಮಾನ್ಯ ಜನರ ವಂಶವಾಹಿಗಳನ್ನು ಇನ್ನೊಂದು ಕಡೆ, ಇವಲ್ಲದೆ ಖಾಸಗಿ ಸಂಸ್ಥೆಯೊಂದು ಪರೀಕ್ಷಿಸಿದ್ದ 5,31,575 ಜನರ ಮಾಹಿತಿಯನ್ನು ಮತ್ತೊಂದು ಕಡೆ ಇಟ್ಟು ತೂಗಿ ನೋಡಿದರು. 2016ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದರಿಂದ ಎರಡು ಸಂಗತಿಗಳು ಹೊರಬಿದ್ದವು. ರೋಗಕಾರಕವೆಂದು ಪುಸ್ತಕಗಳಲ್ಲಿ ಬರೆದಿದ್ದ ಎಷ್ಟೋ ಬದಲಾವಣೆಗಳು, ರೋಗದ ಪ್ರಮಾಣವನ್ನು ನೋಡಿದರೆ ಇರಬೇಕಾದುದಕ್ಕಿಂತ ಕಡಿಮೆಯೆಂದರೂ ಮೂವತ್ತು ಪಟ್ಟು ಹೆಚ್ಚಾಗಿ ಸಾಮಾನ್ಯ ಜನರಲ್ಲಿ ಕಂಡವು. ಅಂದರೆ ಅವುಗಳಲ್ಲಿ ಕೆಲವು ನಿರಪರಾಧಿಗಳು, ಮತ್ತೆ ಕೆಲವು ಅಪರೂಪಕ್ಕೆ ಮಾತ್ರ ಕೆಡುಕು ಮಾಡುವಂಥವು. ಸಾವಿನ ತೀರ್ಪು ಬಂದಿದೆಯೆಂದು ನಂಬಿ ಬದುಕುತ್ತಿದ್ದ ಹಲವು ಕುಟುಂಬಗಳಿಗೆ ಇದು ಬಿಡುಗಡೆಯ ಪತ್ರವೇ ಆಯಿತು. ಸೋನಿಯಾ ಅವರಿಗೆ ಮಾತ್ರ ಅಂಥ ಬಿಡುಗಡೆ ಇರಲಿಲ್ಲ. ಅವರಲ್ಲಿದ್ದ ದೋಷ ನಿಶ್ಚಯವಾಗಿ ಅಪಾಯಕಾರಿಯೆಂಬ ಗುಂಪಿಗೇ ಸೇರಿದ್ದು. ತಮ್ಮ ಕೈಯಾರೆ ತೂಗಿದ ತಕ್ಕಡಿ ತಮ್ಮ ಪಾಲಿಗೆ ಒಲಿಯದಿದ್ದರೂ ಆ ದಂಪತಿಗಳು ಫಲಿತಾಂಶವನ್ನು ಇದ್ದಂತೆಯೇ ಬರೆದರು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ತಂದೆ ತಾಯಿಗಳಿಂದ ಬರುವ ಎರಡು ಪ್ರತಿಗಳ ಪೈಕಿ ಈ ವಂಶವಾಹಿಯ ಒಂದು ಪ್ರತಿ ಕೆಲಸ ಮಾಡದಿರುವ ಮೂವರು ಆ ಜನಸಮೂಹದಲ್ಲಿ ಸಿಕ್ಕಿದರು. ಮೂವರೂ ಆರೋಗ್ಯವಾಗಿದ್ದರು. ಪ್ರೋಟೀನನ್ನು ತಗ್ಗಿಸಬಹುದೆಂಬ ನಂಬಿಕೆಗೆ ಮನುಷ್ಯರಿಂದಲೇ ಆಧಾರ ದೊರೆತಂತಾಯಿತು.

ತಗ್ಗಿಸುವ ಸಾಧನವೂ ಹತ್ತಿರದಲ್ಲಿಯೇ ಇತ್ತು. ವಂಶವಾಹಿ ತಾನಾಗಿ ಪ್ರೋಟೀನನ್ನು ತಯಾರಿಸುವುದಿಲ್ಲ. ತನ್ನ ಆಜ್ಞೆಯ ಒಂದು ಪ್ರತಿಯನ್ನು ಆರ್‌ಎನ್‌ಎ ಎಂಬ ರೂಪದಲ್ಲಿ ಬರೆದು ಕಳುಹಿಸುತ್ತದೆ. ಆ ಪ್ರತಿಯನ್ನು ದಾರಿಯಲ್ಲಿಯೇ ಹಿಡಿದು ಹರಿದುಹಾಕಬಲ್ಲ ಒಂದು ಬಗೆಯ ಔಷಧವಿದೆ. ಅದಕ್ಕೆ ಆಂಟಿಸೆನ್ಸ್ ಆಲಿಗೊನ್ಯೂಕ್ಲಿಯೋಟೈಡ್ ಎಂಬ ಉದ್ದವಾದ ಹೆಸರು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯ ಮೂಲಕ ಇದನ್ನು ಸೇರಿಸಿದರೆ ಮಿದುಳನ್ನು ತಲಪುತ್ತದೆ. ಮಕ್ಕಳ ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುವ ಬೇರೊಂದು ರೋಗಕ್ಕೆ ಈ ಜಾತಿಯದೇ ಆದ ಮದ್ದೊಂದು 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಕ್ಯಾಲಿಫೋರ್ನಿಯದ ಅಯೋನಿಸ್ ಎಂಬ ಔಷಧ ಸಂಸ್ಥೆಯ ವಿಜ್ಞಾನಿಗಳೊಡನೆ ಸೇರಿ ಸೋನಿಯಾ ಮತ್ತು ಎರಿಕ್ ಪ್ರಿಯಾನ್ ಪ್ರೋಟೀನಿಗೆ ಹೊಂದುವ ಮದ್ದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಮೊದಲೇ ಮದ್ದು ಪಡೆದ ಇಲಿಗಳು, ಪಡೆಯದ ಇಲಿಗಳಿಗಿಂತ ನೂರಕ್ಕೆ 61ರಿಂದ 98ರಷ್ಟು ಹೆಚ್ಚು ಕಾಲ ಬದುಕಿದುವೆಂದು 2019ರಲ್ಲಿ ವರದಿಯಾಯಿತು. ಅದೇ ವರ್ಷ ದಂಪತಿಗಳಿಬ್ಬರೂ ಡಾಕ್ಟರೇಟ್ ಪದವಿಯನ್ನು ಪಡೆದರು.

ಇಷ್ಟಾದ ಮೇಲೆ ಉಳಿದದ್ದು ಮನುಷ್ಯರಲ್ಲಿ ಪರೀಕ್ಷೆ ಮಾಡುವುದೊಂದೇ ಎನ್ನಿಸಬಹುದು. ನಿಜವಾದ ತೊಡಕು ಇದ್ದುದು ಅಲ್ಲಿಯೇ. ಪ್ರಿಯಾನ್ ರೋಗ ಕಾಣಿಸಿಕೊಂಡ ಮೇಲೆ ಮಿದುಳಿನ ನಾಶ ಅತಿ ವೇಗವಾಗಿ ನಡೆಯುತ್ತದೆ. ಹೋದ ನರಕೋಶಗಳನ್ನು ಮರಳಿ ತರುವ ಮದ್ದಿಲ್ಲ. ಆದುದರಿಂದ ರೋಗ ಬರುವುದಕ್ಕೆ ಮೊದಲೇ, ಆರೋಗ್ಯವಾಗಿರುವಾಗಲೇ, ಮದ್ದನ್ನು ಕೊಡಬೇಕೆಂಬುದು ಸೋನಿಯಾ ಅವರ ಆಗ್ರಹ. ಹಾಗೆ ಕೊಟ್ಟರೆ ಮದ್ದು ಫಲಿಸಿತೆಂದು ತಿಳಿಯುವುದು ಹೇಗೆ? ಇಂದು ಆರೋಗ್ಯವಾಗಿರುವ ವ್ಯಕ್ತಿ ಹತ್ತು ವರ್ಷಗಳ ಬಳಿಕವೂ ಆರೋಗ್ಯವಾಗಿದ್ದರೆ ಅದು ಮದ್ದಿನ ಗುಣವೋ, ರೋಗ ಇನ್ನೂ ಬರುವ ಕಾಲವಾಗಿರಲಿಲ್ಲವೋ? ದಂಪತಿಗಳು ಈ ಲೆಕ್ಕವನ್ನೂ ಹಾಕಿ ನೋಡಿದರು. ರೋಗ ಬರುವ ವಯಸ್ಸು ಅಷ್ಟೊಂದು ಅನಿಶ್ಚಿತವಾದುದರಿಂದ, ಉತ್ತರ ಸಿಗಬೇಕಾದರೆ ಬೇಕಾಗುವ ಜನ ಮತ್ತು ವರ್ಷಗಳನ್ನು ಒದಗಿಸುವುದು ಸಾಧ್ಯವಿಲ್ಲವೆಂದು ಕಂಡುಬಂದಿತು.

ಆಗ ಅವರು ಬೇರೊಂದು ಅಳತೆಗೋಲನ್ನು ಸೂಚಿಸಿದರು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದ ದ್ರವದಲ್ಲಿ ಪ್ರಿಯಾನ್ ಪ್ರೋಟೀನಿನ ಪ್ರಮಾಣವನ್ನು ಅಳೆಯಬಹುದು. ಮದ್ದು ಕೊಟ್ಟ ಮೇಲೆ ಅದು ಇಳಿದರೆ ಮದ್ದು ತನ್ನ ಕೆಲಸ ಮಾಡಿದೆಯೆಂದೇ ಅರ್ಥ. ರೋಗ ಬರುವವರೆಗೆ ಕಾಯಬೇಕಾಗಿಲ್ಲ. ರೋಗ ಬಂದ ಮೇಲೆ ಈ ಪ್ರೋಟೀನು ತಾನಾಗಿಯೇ ದ್ರವದಲ್ಲಿ ಇಳಿಯುತ್ತದೆ. ಆದುದರಿಂದ ಈ ಅಳತೆ ಆರೋಗ್ಯವಂತರಲ್ಲಿಯೇ ಹೆಚ್ಚು ನಂಬಿಕೆಗೆ ಅರ್ಹವಾದುದು. 2017ರಲ್ಲಿ ಸೋನಿಯಾ, ಎರಿಕ್ ಮತ್ತು ಅವರ ಹಿರಿಯ ಸಹೋದ್ಯೋಗಿಗಳು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಧಿಕಾರಿಗಳ ಮುಂದೆ ಈ ವಾದವನ್ನು ಮಂಡಿಸಿದರು. ಆಗ ಅವರಿಬ್ಬರೂ ಇನ್ನೂ ವಿದ್ಯಾರ್ಥಿಗಳು. ಅಂಥವರ ಮಾತನ್ನು ಅಧಿಕಾರಿಗಳು ತಾಳ್ಮೆಯಿಂದ ಕೇಳಿದರು. ಆಲೋಚನೆಯನ್ನು ಮುಂದುವರಿಸಲು ಉತ್ತೇಜನ ಕೊಟ್ಟರು. ನ್ಯಾಯಶಾಸ್ತ್ರದ ಓದು ವ್ಯರ್ಥವಾಯಿತೆಂದು ಮರುಗಿದವರು ಯಾರಾದರೂ ಇದ್ದಿದ್ದರೆ ಅಂದು ಅವರಿಗೆ ಉತ್ತರ ಸಿಕ್ಕಿರಬೇಕು.

ವಾದಕ್ಕೆ ಸಾಕ್ಷ್ಯವೂ ಬೇಕಲ್ಲವೆ? ದೋಷವುಳ್ಳ ಆದರೆ ರೋಗವಿಲ್ಲದ ಜನರನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಕರೆಸಿ, ಅವರ ಬೆನ್ನಿನಿಂದ ದ್ರವವನ್ನು ತೆಗೆದು ಮತ್ತೆ ಮತ್ತೆ ಅಳೆಯುವ ಕಾರ್ಯ ಆರಂಭವಾಯಿತು. ಒಬ್ಬ ವ್ಯಕ್ತಿಯಲ್ಲಿ ಪ್ರೋಟೀನಿನ ಪ್ರಮಾಣ ತಿಂಗಳುಗಳು ಕಳೆದರೂ ಹೆಚ್ಚು ಏರಿಳಿಯುವುದಿಲ್ಲವೆಂದು ಅದರಿಂದ ತಿಳಿಯಿತು. ಇಳಿದರೆ ಮದ್ದಿನಿಂದಲೇ ಇಳಿಯಿತೆನ್ನಲು ಇದು ಆಧಾರ. ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಹಿತವಾದ ಅನುಭವವಲ್ಲ. ಅದರಿಂದ ತಮಗೆ ಕೂಡಲೇ ಯಾವ ಲಾಭವೂ ಇಲ್ಲವೆಂದು ತಿಳಿದೂ ದೂರದ ಊರುಗಳಿಂದ ಬಂದು ಬೆನ್ನೊಡ್ಡಿದ ಆ ಸ್ವಯಂಸೇವಕರ ಹೆಸರುಗಳು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಸಂಶೋಧನೆಯ ಇತಿಹಾಸದಲ್ಲಿ ಅವರಿಗೂ ಒಂದು ಪುಟ ಸಲ್ಲಬೇಕು.

ಈ ನಡುವೆ ಮನೆಯ ಬಾಳೂ ಸಾಗುತ್ತಿತ್ತು. ಮಕ್ಕಳು ಬೇಕೆಂಬ ಆಸೆಯನ್ನು ದಂಪತಿಗಳು ಬಿಡಲಿಲ್ಲ. ದೋಷವನ್ನು ಮುಂದಿನ ಪೀಳಿಗೆಗೆ ದಾಟಿಸಲೂ ಅವರಿಗೆ ಮನಸ್ಸಿರಲಿಲ್ಲ. ದೇಹದ ಹೊರಗೆ ಭ್ರೂಣವನ್ನು ಬೆಳೆಸಿ, ಪರೀಕ್ಷಿಸಿ, ದೋಷವಿಲ್ಲದ ಭ್ರೂಣವನ್ನು ಮಾತ್ರ ಗರ್ಭದಲ್ಲಿರಿಸುವ ವಿಧಾನವನ್ನು ಅನುಸರಿಸಿದರು. 2017ರಲ್ಲಿ ಅವರಿಗೆ ಮಗಳು ಹುಟ್ಟಿದಳು. ಅಜ್ಜಿಯಿಂದ ತಾಯಿಗೆ ಬಂದದ್ದು ಮೊಮ್ಮಗಳನ್ನು ಮುಟ್ಟಲಿಲ್ಲ.

2024ರ ಜನವರಿಯಲ್ಲಿ ಅಯೋನಿಸ್ ಸಂಸ್ಥೆಯ ಮದ್ದನ್ನು ಮೊದಲ ಬಾರಿಗೆ ಪ್ರಿಯಾನ್ ರೋಗಿಯೊಬ್ಬರಿಗೆ ಕೊಡಲಾಯಿತು. ಒಂದೇ ದಾರಿಯನ್ನು ನಂಬಿ ಕುಳಿತುಕೊಳ್ಳುವುದು ಸೋನಿಯಾ ಅವರ ಪದ್ಧತಿಯಲ್ಲ. ಆಜ್ಞೆಯ ಪ್ರತಿಯನ್ನು ಹರಿಯುವ ಬದಲು ಆಜ್ಞೆ ಹೊರಡುವ ಬಾಗಿಲನ್ನೇ ಮುಚ್ಚುವ ವಿಧಾನವೊಂದನ್ನು ಜೊನಾಥನ್ ವೈಸ್‌ಮನ್ ಅವರ ತಂಡದೊಡನೆ ಸೇರಿ ರೂಪಿಸಿದರು. ಇಲಿಗಳ ಮಿದುಳಿನಲ್ಲಿ ಈ ಪ್ರೋಟೀನು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಾಗಿ ಇಳಿದುದನ್ನು 2024ರಲ್ಲಿ ಪ್ರಕಟಿಸಿದರು. ವಂಶವಾಹಿಯ ಬರಹದಲ್ಲಿ ಒಂದೇ ಅಕ್ಷರವನ್ನು ತಿದ್ದುವ ಕಲೆಯಲ್ಲಿ ಹೆಸರಾದ ಡೇವಿಡ್ ಲಿಯು ಅವರ ತಂಡದೊಡನೆ ನಡೆಸಿದ ಪ್ರಯೋಗದಲ್ಲಿ ಇಲಿಗಳ ಆಯುಸ್ಸು ನೂರಕ್ಕೆ 52ರಷ್ಟು ಹೆಚ್ಚಿತೆಂದು 2025ರ ಜನವರಿಯಲ್ಲಿ ವರದಿಯಾಯಿತು. ಇವೆರಡೂ ಇನ್ನೂ ಇಲಿಗಳ ಹಂತದ ಫಲಗಳು. ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಮದ್ದುಗಳ ಪಟ್ಟಿ ಉದ್ದವಾಗಿದೆಯೆಂಬುದನ್ನು ಈ ದಂಪತಿಗಳು ಎಲ್ಲರಿಗಿಂತ ಚೆನ್ನಾಗಿ ಬಲ್ಲರು.

ಅಯೋನಿಸ್ ಸಂಸ್ಥೆ ಆರಂಭಿಸಿದ ಆ ಮೊದಲ ಪರೀಕ್ಷೆಗೆ ಸೇರಲು ಒಂದು ಕಟ್ಟಳೆಯಿತ್ತು. ರೋಗದ ಲಕ್ಷಣಗಳು ಈಗಾಗಲೇ ಕಾಣಿಸಿಕೊಂಡಿರಬೇಕು, ಆದರೆ ಇನ್ನೂ ಆರಂಭದ ಹಂತದಲ್ಲಿರಬೇಕು. ದೋಷವನ್ನು ಹೊತ್ತು ಆರೋಗ್ಯದಿಂದಿರುವವರಿಗೆ ಅದರಲ್ಲಿ ಎಡೆಯಿರಲಿಲ್ಲ. ಅಂಥವರಿಗಾಗಿ ನಡೆಯಬೇಕಾದ ಪರೀಕ್ಷೆ ಅದರ ಮುಂದಿನದು. 2017ರಲ್ಲಿ ಇಬ್ಬರು ವಿದ್ಯಾರ್ಥಿಗಳು ಅಧಿಕಾರಿಗಳ ಮುಂದೆ ಇಟ್ಟದ್ದು ಅದರ ನಕ್ಷೆಯನ್ನೇ.